ನಮ್ಮಜ್ಜಿಯದಲ್ಲದ ಚಕಮಕಿ

ಆಫೀಸಿನಲ್ಲಿ ನನ್ನ ಮೇಜಿನ ಮೇಲೆ, ಕಂಪ್ಯೂಟರಿನ ಪಕ್ಕದಲ್ಲಿ, ಒಂದು ಚಕಮಕಿ ಇರುತ್ತಿತ್ತು. ಬೆರಳುದ್ದದ ಉಕ್ಕಿನ ತುಂಡು, ಅದರ ಜೊತೆಗೊಂದು ಬಿಳಿ ಬೆಣಚುಕಲ್ಲು, ಎರಡನ್ನೂ ಇಡಲು ಬಣ್ಣ ಹೋದ ಬಟ್ಟೆಚೀಲ. ಕಲ್ಲಿನ ಅಂಚಿಗೆ ಉಕ್ಕನ್ನು ಬೀಸಿ ಹೊಡೆದರೆ ಕಿಡಿ ಹಾರುತ್ತದೆ. ಲಂಡನ್ ಬ್ರಿಜ್ ಸ್ಟೇಷನ್ನಿನ ಹತ್ತಿರದ ಆ ಆರನೇ ಮಹಡಿಯಲ್ಲಿ ಮಿಕ್ಕವರ ಮೇಜಿನ ಮೇಲೆ ಪುಟ್ಟ ಕಳ್ಳಿಗಿಡ, ಮಕ್ಕಳ ಫೋಟೊ ಇರುತ್ತಿದ್ದವು. ಬಂದವರು ನನ್ನ ಮೇಜಿನ ಹತ್ತಿರ ನಿಂತು ಇದೇನು ಎಂದು ಕೇಳಲಿ ಎಂದೇ ನಾನು ಅದನ್ನು ಅಲ್ಲಿಟ್ಟಿದ್ದೆ. ಆಗ ಯಾರಾದರೂ ಹಾಗೆಂದಿದ್ದರೆ ಜಗಳಕ್ಕೆ ಹೋಗುತ್ತಿದ್ದೆ. ಈಗ ನಾನೇ ಹೇಳುತ್ತಿದ್ದೇನೆ.

ಮೊದಲ ಸಲ ಕೇಳಿದವರು ನಮ್ಮ ಮ್ಯಾನೇಜರ್. ನಮ್ಮಜ್ಜಿಯದು ಎಂದುಬಿಟ್ಟೆ. ಒಂದು ಮಾತು, ಅಷ್ಟೇ. ಆತ ಅದನ್ನು ಕೈಗೆತ್ತಿಕೊಂಡು ಎರಡೂ ಕಡೆ ತಿರುಗಿಸಿ ನೋಡಿ, ಹಾಗಾದರೆ ನಿಮ್ಮದು ಬೆಂಕಿ ಬಲ್ಲ ಮನೆತನ ಎಂದ. ನಾನು ಇಲ್ಲ ಎನ್ನಲಿಲ್ಲ.

ನನ್ನ ಕೆಲಸವೇನೆಂದು ಹೇಳಿದರೆ ಆ ಮಾತಿಗೆ ಯಾಕೆ ಅಷ್ಟು ಬೆಲೆ ಬಂತೆಂದು ತಿಳಿಯುತ್ತದೆ. ಆಸ್ಟ್ರೇಲಿಯಾದ ಉತ್ತರದ ತುದಿಯಲ್ಲಿ ಆಳೆತ್ತರದ ಹುಲ್ಲು, ನಡುನಡುವೆ ಮರ ಇರುವ ದೊಡ್ಡ ಬಯಲುಗಳಿವೆ. ಅಲ್ಲಿಯ ಮೂಲ ನಿವಾಸಿಗಳು ಮಳೆ ನಿಂತ ಮೇಲೆ, ಹುಲ್ಲು ಇನ್ನೂ ಅರೆ ಹಸಿ ಇರುವಾಗಲೇ, ಅಲ್ಲಲ್ಲಿ ಸಣ್ಣ ಬೆಂಕಿ ಹಾಕುತ್ತಾರೆ. ಇಬ್ಬನಿ ಬಿದ್ದರೆ ಅದು ತಾನಾಗಿ ಆರುತ್ತದೆ. ಹಾಗೆ ಹಾಕದೆ ಬಿಟ್ಟರೆ ಬೇಸಿಗೆಯ ಕೊನೆಗೆ ದೊಡ್ಡ ಬೆಂಕಿ ಎದ್ದು ಮರ, ಗೂಡು, ಊರು ಎಲ್ಲ ಹೋಗುತ್ತದೆ, ಹೊಗೆಯೂ ಬಹಳ. ಸಣ್ಣ ಬೆಂಕಿಯಿಂದ ತಪ್ಪಿದ ಆ ಹೊಗೆಯನ್ನು ಲೆಕ್ಕ ಹಾಕಿ ಕಾರ್ಬನ್ ಕ್ರೆಡಿಟ್ ಎಂದು ಮಾರುತ್ತಾರೆ. ಯೋಜನೆ ಅವರದೇ, ನೆಲ ಅವರದೇ. ತಮ್ಮ ಹೊಗೆಯ ಲೆಕ್ಕ ಸರಿದೂಗಿಸಿಕೊಳ್ಳಲು ಅದನ್ನು ಕೊಳ್ಳುವ ಕಂಪನಿಗಳು ಲಂಡನ್ನಿನಲ್ಲಿವೆ. ನಡುವೆ ನಮ್ಮಂಥವರು. ಕೊಳ್ಳುವವರಿಗೆ ಓದಿ ಹೇಳಲು ಅದರ ಕಥೆ ಬರೆಯುವುದು ನನ್ನ ಕೆಲಸವಾಗಿತ್ತು.

ಆ ಕಥೆಗೆ ನಮ್ಮಜ್ಜಿ ಚೆನ್ನಾಗಿ ಹೊಂದಿಕೊಂಡಳು. ಚಾಮರಾಜನಗರದ ಕಡೆಯ ಬೆಟ್ಟದಲ್ಲಿ ಸೋಲಿಗರು ಇದೇ ತರಹ ಚಳಿಗಾಲದ ಕೊನೆಗೆ ಒಣಗಿ ಬಿದ್ದ ಎಲೆಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ತರಗು ಬೆಂಕಿ ಎನ್ನುತ್ತಿದ್ದರು. ನೆಲ್ಲಿ ಮರಕ್ಕೆ ಹತ್ತಿ ಅದರ ರಸ ಹೀರುವ ಬದನಿಕೆ ಅದರಿಂದ ಸಾಯುತ್ತಿತ್ತು, ಲಂಟಾನ ಹಬ್ಬುತ್ತಿರಲಿಲ್ಲ. ಇದೆಲ್ಲ ನನಗೆ ಗೊತ್ತಿದ್ದದ್ದು ನಿಜ. ನಾನು ಹುಟ್ಟಿ ಬೆಳೆದದ್ದು ಆ ಬೆಟ್ಟದ ಬುಡದಲ್ಲೇ. ಮೀಟಿಂಗುಗಳಲ್ಲಿ 'ನಮ್ಮ ಜನ' ಎಂದು ಶುರು ಮಾಡುತ್ತಿದ್ದೆ. ಕೇಳುವವರ ಮುಖ ಮೆತ್ತಗಾಗುತ್ತಿತ್ತು. ಕಡೆಗೆ ಕಂಪನಿಯ ಕೈಪಿಡಿಯಲ್ಲಿ ಚಕಮಕಿಯ ಫೋಟೊ ಹಾಕಿ, ಅದರ ಕೆಳಗೆ ನನ್ನ ಅಜ್ಜಿಯ ಬಗ್ಗೆ ನಾಲ್ಕು ಸಾಲು ಅಚ್ಚು ಹಾಕಿಸಿದರು. ಆ ನಾಲ್ಕು ಸಾಲು ಬರೆದವಳೂ ನಾನೇ.

ನಮ್ಮಜ್ಜಿ ಕಾಡಿನ ಮುಖ ಕಂಡವಳಲ್ಲ. ಗದ್ದೆ ಬಯಲಿನ ಹೆಂಗಸು. ಬೆಂಕಿಪೊಟ್ಟಣ ಮುಗಿದರೆ ಪಕ್ಕದ ಮನೆಯಿಂದ ಕೆಂಡ ತರಿಸುತ್ತಿದ್ದಳು. ನಾವು ಸೋಲಿಗರೂ ಅಲ್ಲ. ಬೆಟ್ಟದ ಬುಡದಲ್ಲಿ ನಾವಿದ್ದದ್ದು ಅಪ್ಪ ಕಾಡಿನ ಗಾರ್ಡ್ ಆಗಿದ್ದರಿಂದ. ಬೆಂಕಿ ಹಾಕುವವರನ್ನು ಹಿಡಿಯುವುದೇ ಅವರ ಕೆಲಸ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಒಂದು ದಿನ, ತರಗಿಗೆ ಬೆಂಕಿ ಹಾಕುತ್ತಿದ್ದ ಸೋಲಿಗರ ಹೆಂಗಸೊಬ್ಬಳ ಕೈಯಿಂದ ಅಪ್ಪ ಆ ಚಕಮಕಿಯನ್ನು ಕಿತ್ತುಕೊಂಡು ಮನೆಗೆ ತಂದರು. ಆಕೆ ಬೆನ್ನಿಗೇ ಬಂದು ನಮ್ಮ ಕ್ವಾರ್ಟರ್ಸಿನ ಬಾಗಿಲಲ್ಲಿ ಕೂತಳು. ಆ ದಿನದ ಒಂದು ಸಂಗತಿ ನಾನು ಯಾರಿಗೂ ಹೇಳಿರಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಹೋದ ವರ್ಷ ನವೆಂಬರಿನಲ್ಲಿ, ಆಸ್ಟ್ರೇಲಿಯಾದ ಆ ಯೋಜನೆಯನ್ನು ನಡೆಸುವ ಹಿರಿಯರೊಬ್ಬರು ಕೊಳ್ಳುವವರನ್ನು ಕಾಣಲು ಲಂಡನ್ನಿಗೆ ಬಂದರು. ಎಪ್ಪತ್ತರ ಹತ್ತಿರದ ಹೆಂಗಸು. ಅವರ ಕಡೆ ಹಿರಿಯ ಹೆಂಗಸರನ್ನು ಆಂಟಿ ಎನ್ನುತ್ತಾರೆ. ನಮ್ಮ ಆಫೀಸಿನ ಇಂಗ್ಲಿಷರು ಆ ಮಾತು ಬಾಯಲ್ಲಿ ತಿರುಗದೆ ಒದ್ದಾಡಿದರು. ನನಗೇನು ಕಷ್ಟ? ಹಾಲಿನವನ ಹೆಂಡತಿಯಿಂದ ಹಿಡಿದು ಡಾಕ್ಟರರ ತನಕ ಎಲ್ಲರನ್ನೂ ಆಂಟಿ ಎಂದೇ ಬೆಳೆದವಳು. ಸಲೀಸಾಗಿ ಅಂದೆ. ಅವರು ತಿರುಗಿ ನೋಡಿ ನಕ್ಕರು. ಸ್ವಲ್ಪ ಹೊತ್ತಿಗೆ ನನ್ನ ಮೇಜಿನ ಹತ್ತಿರ ಬಂದು ಚಕಮಕಿ ನೋಡಿದರು. ಕೈಪಿಡಿಯನ್ನು ಮೊದಲೇ ಓದಿದ್ದರು. ಮುಟ್ಟುವ ಮುಂಚೆ, ಮುಟ್ಟಬಹುದಾ ಎಂದು ನನ್ನನ್ನು ಕೇಳಿದರು. ಅಷ್ಟು ವರ್ಷಗಳಲ್ಲಿ ಹಾಗೆ ಕೇಳಿದವರು ಅವರೊಬ್ಬರೇ.

ಮುಟ್ಟಿ ಅಂದೆ. ಯಾವ ತಿಂಗಳಲ್ಲಿ ಹಾಕುತ್ತೀರಿ, ಯಾವ ಗಿಡ ಹೂ ಬಿಟ್ಟಾಗ, ಮೊದಲ ಕಿಡಿ ಹಾಕುವ ಹಕ್ಕು ಯಾರದು ಎಂದು ಕೇಳುತ್ತಾ ಹೋದರು. ಮೊದಲಿನ ಎರಡಕ್ಕೆ ತೋಚಿದ್ದು ಹೇಳಿದೆ. ಮೂರನೆಯದಕ್ಕೆ ನಮ್ಮವ್ವನಿಗೆ ಗೊತ್ತು ಎಂದು ಜಾರಿಕೊಂಡೆ. ಅವ್ವ ಮೈಸೂರಿನಲ್ಲಿ ಅಣ್ಣನ ಜೊತೆ ಇರುವವಳು, ಆಗ ಆರು ತಿಂಗಳ ವೀಸಾದ ಮೇಲೆ ಲಂಡನ್ನಿನ ಅಂಚಿನ ಕ್ರೋಯ್ಡನ್ನಿನಲ್ಲಿರುವ ನಮ್ಮ ಮನೆಗೆ ಬಂದಿದ್ದಳು. ಅದನ್ನೂ ಬಾಯಿಬಿಟ್ಟೆ. ಹಾಗಾದರೆ ನಿಮ್ಮ ತಾಯಿಯನ್ನು ನೋಡಲೇಬೇಕು ಎಂದರು ಆಂಟಿ. ತಣ್ಣಗಿನ ಸ್ಯಾಂಡ್ವಿಚ್ ತಿಂದು ಸಾಕಾಗಿದೆ ಎಂದೂ ಹೇಳಿದರು. ಶನಿವಾರ ಊಟಕ್ಕೆ ಬನ್ನಿ ಎನ್ನದೆ ಬೇರೆ ದಾರಿ ಇರಲಿಲ್ಲ.

ಶುಕ್ರವಾರ ಚಕಮಕಿಯನ್ನು ಮನೆಗೆ ತಂದೆ. ಆಂಟಿಗೆ ಅದನ್ನು ಉಡುಗೊರೆಯಾಗಿ ಕೊಡುವುದೆಂದು ಮ್ಯಾನೇಜರ್ ತೀರ್ಮಾನಿಸಿಬಿಟ್ಟಿದ್ದ. ಅಜ್ಜಿಯ ಬೆಂಕಿ ಅವರ ನಾಡಿಗೆ ಹೋಗುತ್ತದೆ ಎಂಬುದು ಅವನ ಮಾತು. ನಾನು ತಲೆಯಾಡಿಸಿದ್ದೆ. ಕೈ ತೊಳೆದುಕೊಳ್ಳಲು ಇದು ಸುಲಭದ ದಾರಿ ಎಂದು ಒಳಗೊಳಗೇ ಹಗುರವೂ ಆಗಿತ್ತು. ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ. ನಡುವೆ ನಾನಿದ್ದೇನೆ, ಹೇಗೋ ನಿಭಾಯಿಸಿದರಾಯಿತು ಎಂದುಕೊಂಡೆ.

ಶನಿವಾರ ಆಂಟಿಯನ್ನು ಕರೆದುಕೊಂಡು ಟ್ರಾಮ್ ಸ್ಟಾಪಿನಿಂದ ಮನೆಗೆ ನಡೆಯುವಾಗ ಕೌನ್ಸಿಲ್ಲಿನವರು ಫುಟ್‌ಪಾತಿನ ಎಲೆಗಳನ್ನು ಗಾಳಿಯಂತ್ರದಿಂದ ಊದಿ ಒಟ್ಟುಮಾಡುತ್ತಿದ್ದರು. ಆಂಟಿ ನಿಂತು ನೋಡಿದರು. ಒಂದು ಎಲೆ ಎತ್ತಿಕೊಂಡು, ಇದಕ್ಕೆ ನಿಮ್ಮ ಮಾತಿನಲ್ಲಿ ಏನೆನ್ನುತ್ತಾರೆ ಎಂದರು. ತರಗು ಎಂದೆ. ತರಗು, ತರಗು ಎಂದು ಹೇಳಿಕೊಳ್ಳುತ್ತಾ ಮನೆಯ ತನಕ ಬಂದರು. ನನಗಿಂತ ಚೆನ್ನಾಗಿಯೇ ಅಂದರು.

ನಾವು ಬಾಗಿಲು ತೆಗೆಯುವ ಹೊತ್ತಿಗೆ ಅವ್ವ ಅವರೆಕಾಳು ಸಾರಿಗೆ ಒಗ್ಗರಣೆ ಹಾಕಿದ್ದಳು, ಅದರ ಹೊಗೆಗೆ ಅಲಾರಂ ಕಿರುಚಿಕೊಳ್ಳುತ್ತಿತ್ತು. ನನ್ನ ಹನ್ನೊಂದು ವರ್ಷದ ಮಗಳು ಕುರ್ಚಿ ಹತ್ತಿ ಟವೆಲ್ ಬೀಸುತ್ತಿದ್ದಳು. "ಈ ಮನೇಲಿ ಒಗ್ಗರಣೆಗೂ ಗಾರ್ಡ್ ಇಟ್ಟವ್ರೆ ಕಣ್ ಮಗ" ಎಂದಳು ಅವ್ವ. ಮಗಳು ನಕ್ಕು ಅದನ್ನು ಆಂಟಿಗೆ ಇಂಗ್ಲಿಷಿನಲ್ಲಿ ಹೇಳಿದಳು. ಆಂಟಿಯೂ ನಕ್ಕರು. ನಾನು ಮಾತ್ರ ಆ ನಗುವಿನಲ್ಲಿ ಒಂದು ವಿಷಯ ಗಮನಿಸದೆ ಹೋದೆ. ನನ್ನ ಮಗಳು ಕನ್ನಡದಲ್ಲಿ ಒಂದು ಮಾತೂ ಆಡುವವಳಲ್ಲ, ಆದರೆ ಅವ್ವ ಆಡಿದ ಒಂದು ಮಾತೂ ಅವಳಿಗೆ ತಪ್ಪುವುದಿಲ್ಲ.

ಊಟ ಚೆನ್ನಾಗಿಯೇ ಆಯಿತು. ಆಂಟಿ ಎರಡು ಸಲ ಸಾರು ಹಾಕಿಸಿಕೊಂಡರು. ಆಮೇಲೆ ನಾನು ಚಕಮಕಿಯನ್ನು ಹೊಸ ರೇಷ್ಮೆ ಚೀಲದಲ್ಲಿಟ್ಟು ಮೇಜಿನ ಮೇಲಿಟ್ಟೆ. ಕಂಪನಿಯ ಪರವಾಗಿ, ನಮ್ಮ ಮನೆಯ ಪರವಾಗಿ ಎಂದು ಸಣ್ಣ ಭಾಷಣವನ್ನೂ ಮಾಡಿದೆ. ಆಂಟಿ ಅದನ್ನು ತೆಗೆದುಕೊಳ್ಳಲಿಲ್ಲ. ಅವ್ವನ ಕಡೆ ತಿರುಗಿ, ಇದನ್ನು ಕೊಡಬೇಕಾದವರು ಹಿರಿಯರು, ಅವರು ಒಪ್ಪಿದರೆ ಮಾತ್ರ ತಗೊಳ್ಳುತ್ತೇನೆ, ಇದರ ಬೆಂಕಿ ಹಾಕುತ್ತಿದ್ದವರ ಬಗ್ಗೆ ಅವರ ಬಾಯಿಂದಲೇ ಕೇಳಬೇಕು ಎಂದರು.

ನಾನು ಅವ್ವನಿಗೆ ಏನು ಕೇಳಿದೆ ಗೊತ್ತೆ? ಇದು ಹಳೇದು, ಇವರಿಗೆ ಕೊಡಬಹುದಾ ಅಂತ ಕೇಳ್ತಾವ್ರೆ ಎಂದೆ, ಅಷ್ಟೇ. ಅವ್ವ ರೇಷ್ಮೆ ಚೀಲ ಬಿಚ್ಚಿ ನೋಡಿದಳು. ಬಹಳ ವರ್ಷಗಳ ಮೇಲೆ ಅದನ್ನು ಕಾಣುತ್ತಿದ್ದಳು. ಗುರುತು ಹತ್ತಿದ್ದು ಅವಳ ಮುಖದಲ್ಲೇ ಕಂಡಿತು.

"ಕೊಡಕೆ ಇದೇನ್ ನಮ್ದಾ ಮಗ? ನಿಮ್ಮಪ್ಪ ಆ ಸೋಲಗಿತ್ತಿ ಕೈಯಿಂದ ಕಿತ್ಕೊಂಡ್ ಬಂದಿದ್ದಲ್ವ. ಪಾಪ, ಅವ್ಳು ಸಂಜೆಗಂಟ ನಮ್ ಬಾಗ್ಲಲ್ಲಿ ಕುಂತಿದ್ಲು, ಕೊಟ್ಬುಡಿ ಬುದ್ಧಿ ಅಂತ. ನಾನು ನೀರ್ ಕೊಟ್ಟೆ, ಇದ ಕೊಡ್ಲಿಲ್ಲ. ನಿಮ್ಮಪ್ಪ ಬಚ್ಚಿಟ್ಬುಟ್ಟಿದ್ರು."

ಆಂಟಿ ನನ್ನ ಮುಖ ನೋಡುತ್ತಾ ಕಾಯುತ್ತಿದ್ದರು. ನಾನು ಇಂಗ್ಲಿಷಿನಲ್ಲಿ, ಇದು ನಮ್ಮ ಮನೆಯ ಹಳೆಯ ವಸ್ತು, ಅತ್ತೆಯಿಂದ ತನ್ನ ಕೈಗೆ ಬಂದದ್ದು, ನಿಮ್ಮ ಕೈಗೆ ಸೇರಿದರೆ ಸಂತೋಷ ಎನ್ನುತ್ತಿದ್ದಾರೆ ಎಂದೆ. ನಾಲಗೆ ಒಂದು ಕಡೆಯೂ ತಡವರಿಸಲಿಲ್ಲ. ಅಷ್ಟು ವರ್ಷದ ಅಭ್ಯಾಸ.

"ಅಜ್ಜಿ ಡಿಡಂಟ್ ಸೇ ದಟ್" ಎಂದಳು ಮಗಳು.

ಸುಮ್ಮನಿರು ಎಂದು ಕಣ್ಣು ಬಿಟ್ಟೆ. ಅವಳಿಗೆ ಅದು ತಿಳಿಯಲಿಲ್ಲ, ಅಥವಾ ತಿಳಿದೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅಮ್ಮನಿಗೆ ಯಾವುದೋ ಪದ ತಿಳಿದಿಲ್ಲ, ಸಹಾಯ ಮಾಡೋಣ ಎಂಬಂತೆ ಆಂಟಿಯ ಕಡೆ ತಿರುಗಿ ಅಜ್ಜಿ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಒಂದೊಂದಾಗಿ ಹೇಳಿದಳು. ಕಿತ್ತುಕೊಂಡದ್ದು. ಬಾಗಿಲಲ್ಲಿ ಕೂತದ್ದು. ನೀರು ಕೊಟ್ಟದ್ದು. ತಾತ ಬಚ್ಚಿಟ್ಟದ್ದು. ಒಂದನ್ನೂ ಬಿಡಲಿಲ್ಲ. ಸ್ಕೂಲಿನಲ್ಲಿ ಇವಳ ಟೀಚರ್ ಯಾವಾಗಲೂ ಹೊಗಳುವುದು ಇದನ್ನೇ.

ನನಗೆ ನಾಚಿಕೆಯಾಯಿತು. ಮೇಜಿನ ಮೇಲೆ ಬಿದ್ದಿದ್ದ ಅನ್ನದ ಅಗುಳನ್ನು ಒಂದೊಂದಾಗಿ ಆರಿಸತೊಡಗಿದೆ. ಏನಾಯಿತೆಂದು ಅವ್ವನಿಗೆ ಗೊತ್ತಾಗಲಿಲ್ಲ. ಯಾಕ್ ಮಗ, ಹೇಳ್ಬಾರ್ದಿತ್ತಾ ಎಂದು ಮೆಲ್ಲಗೆ ಕೇಳಿದಳು.

ಆಂಟಿ ಚಕಮಕಿಯನ್ನು ಮತ್ತೆ ಚೀಲಕ್ಕೆ ಹಾಕಿ ಅವ್ವನ ಮುಂದಿಟ್ಟರು. ಆಮೇಲೆ ಹೇಳಿದರು, ನಮ್ಮ ಕೈಯಿಂದಲೂ ಬೆಂಕಿಪೊಟ್ಟಣ ಕಿತ್ತುಕೊಂಡವರಿದ್ದರು. ಅವರ ಮಕ್ಕಳಲ್ಲಿ ಕೆಲವರು ಈಗ ನಮ್ಮ ಜೊತೆಯಲ್ಲೇ ಬೆಂಕಿ ಹಾಕುತ್ತಾರೆ. ಮೊದಲ ದಿನವೇ, ನಮ್ಮಪ್ಪ ಹೀಗೆ ಮಾಡಿದ ಎಂದು ಹೇಳಿಕೊಂಡು ಬಂದರು. ನೀನು ಅಷ್ಟು ಹೇಳಿದ್ದರೂ ನಾನು ಊಟಕ್ಕೆ ಬರುತ್ತಿದ್ದೆ. ಇಷ್ಟನ್ನೂ ಅವರು ಗದರದೆ ಹೇಳಿದರು. ಗದರಿದ್ದರೆ ಚೆನ್ನಾಗಿತ್ತು. ಆಮೇಲೆ ನನ್ನನ್ನು ಬಿಟ್ಟು ನನ್ನ ಮಗಳಿಗೆ, ಆ ಹೆಂಗಸಿನ ಹೆಸರೇನೆಂದು ಅಜ್ಜಿಯನ್ನು ಕೇಳು ಎಂದರು.

ಅವ್ವನಿಗೆ ಹೆಸರು ನೆನಪಿತ್ತು. ಅಷ್ಟು ವರ್ಷ ನಾನು ಆಕೆಯ ವಸ್ತುವನ್ನು ಇಟ್ಟುಕೊಂಡು, ಆಕೆಯ ಬೆಂಕಿಯ ಬಗ್ಗೆ ಬರೆದು, ಹೆಸರನ್ನು ಒಂದು ಸಲವೂ ವಿಚಾರಿಸಿರಲಿಲ್ಲ. ಆಂಟಿ ಆ ಹೆಸರನ್ನು ತರಗು ಎಂದಷ್ಟೇ ಎಚ್ಚರಿಕೆಯಿಂದ ಎರಡು ಸಲ ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ. ಆಕೆಯ ಅಷ್ಟನ್ನಾದರೂ ಕೇಳದೆ ಬಳಸುವುದು ಬೇಡ.

ಟ್ರಾಮ್ ಸ್ಟಾಪಿನ ತನಕ ಜೊತೆಗೆ ಹೋದೆ. ಬರುವಾಗ ನನ್ನ ತೋಳು ಹಿಡಿದುಕೊಂಡು ನಡೆದಿದ್ದ ಆಂಟಿ ಈಗ ಕೋಟಿನ ಜೇಬಿನಲ್ಲಿ ಕೈಯಿಟ್ಟುಕೊಂಡಿದ್ದರು. ಚಳಿಗೆ ಇರಬಹುದು. ಊಟಕ್ಕೆ ನಿಮ್ಮ ತಾಯಿಗೆ ಥ್ಯಾಂಕ್ಸ್ ಹೇಳು ಎಂದು ಹತ್ತಿ ಹೋದರು.

ಸೋಮವಾರ ಮ್ಯಾನೇಜರಿಗೆ ಎಲ್ಲವನ್ನೂ ಹೇಳಿದೆ. ಎಲ್ಲವನ್ನೂ ಎಂದರೆ, ಚಕಮಕಿ ನಮ್ಮಜ್ಜಿಯದಲ್ಲ, ಅಪ್ಪ ಕಿತ್ತು ತಂದದ್ದು ಎಂಬ ತನಕ. ಆತ ಬೇಸರ ಮಾಡಿಕೊಳ್ಳಲಿಲ್ಲ. 'ನನ್ನ ಅಜ್ಜಿ' ಎಂಬಲ್ಲಿ 'ನಮ್ಮ ಕಡೆಯ ಹಿರಿಯರೊಬ್ಬರು' ಎಂದು ತಿದ್ದಿದರೆ ಸಾಕಲ್ಲ ಎಂದ. ಸಾಲದು, ಫೋಟೊ ತೆಗೆಯಬೇಕು ಎಂದು ಹಟ ಹಿಡಿದೆ. ಮುಂದಿನ ಅಚ್ಚಿನಲ್ಲಿ ತೆಗೆದರು. ಹಂಚಿ ಹೋದ ಕೈಪಿಡಿಗಳು ಎಲ್ಲೆಲ್ಲಿವೆಯೋ. ಆಂಟಿಗೆ ಕ್ಷಮೆ ಕೇಳಿ ಬರೆದೆ. ಬರೆದದ್ದು ತಲುಪಿತು ಎಂದಷ್ಟೇ ಉತ್ತರ ಬಂತು.

ಆದರೆ ಆ ಶನಿವಾರ ಅಲ್ಲಿಗೇ ಮುಗಿಯಲಿಲ್ಲ. ಟ್ರಾಮ್ ಸ್ಟಾಪಿನಿಂದ ವಾಪಸು ಬಂದಾಗ ಅವ್ವ ಪಾತ್ರೆ ತೊಳೆಯುತ್ತಿದ್ದಳು. ಯಂತ್ರವಿದ್ದರೂ ಅವಳಿಗೆ ಕೈಯಲ್ಲೇ ತೊಳೆಯಬೇಕು. ಮಗಳು ಮೇಜಿನ ಹತ್ತಿರ ಕೂತು ಉಕ್ಕನ್ನು ಕಲ್ಲಿಗೆ ತಾಕಿಸಿ ನೋಡುತ್ತಿದ್ದಳು. ಕಿಡಿ ಬರುತ್ತಿರಲಿಲ್ಲ. ಅದಕ್ಕೆ ಕೈ ಹದ ಬೇಕು. ನಾನು ಅದನ್ನು ಕಲಿತದ್ದು ಎಂಟನೇ ವಯಸ್ಸಿನಲ್ಲಿ, ಕ್ವಾರ್ಟರ್ಸಿನ ಹಿಂದಿನ ಬಚ್ಚಲುಮನೆಯಲ್ಲಿ, ಬಾಗಿಲು ಹಾಕಿಕೊಂಡು.

ಹೇಳದೆ ಇಟ್ಟುಕೊಂಡಿದ್ದ ಸಂಗತಿ ಇದೇ. ಅಪ್ಪ ಚಕಮಕಿಯನ್ನು ತಂದು ಗೋಡೆಯ ಗೂಡಿನಲ್ಲಿಟ್ಟು ಊಟಕ್ಕೆ ಕೂತಿದ್ದರು. ಯಾರೂ ನೋಡದಾಗ ನಾನು ಅದನ್ನು ಎತ್ತಿಕೊಂಡೆ. ಕಿಡಿ ನೋಡುವ ಆಸೆ. ಸಂಜೆಯ ತನಕ ಬಾಗಿಲಲ್ಲಿ ಕೂತ ಆ ಹೆಂಗಸನ್ನು ನೋಡಿ ಅಪ್ಪನ ಮನಸ್ಸು ಕರಗಿತು. ಹಾಳಾಗಿ ಹೋಗಲಿ, ಕೊಟ್ಟು ಕಳಿಸು ಎಂದು ಅವ್ವನಿಗೆ ಹೇಳಿದರು. ಅವ್ವ ಹುಡುಕಿದಳು, ಗೂಡಿನಲ್ಲಿರಲಿಲ್ಲ. ಅಪ್ಪ ಹುಡುಕಿದರು. ನನ್ನನ್ನೂ ಕೇಳಿದರು. ನಾನು ನೋಡಿಲ್ಲ ಎಂದೆ. ಅಪ್ಪನೇ ಬಚ್ಚಿಟ್ಟು ನಾಟಕ ಆಡುತ್ತಿದ್ದಾರೆ ಎಂದು ಅವ್ವ ತಿಳಿದಳು. ಅದರ ಮೇಲೆ ಜಗಳವಾಡಿದಳು. ಆ ಹೆಂಗಸು ಎದ್ದು ಹೋದಳು. ಅಷ್ಟು ಹೊತ್ತೂ ಅದು ನನ್ನ ಜಾಮಿಟ್ರಿ ಬಾಕ್ಸಿನಲ್ಲಿತ್ತು. ಹೈಸ್ಕೂಲು, ಹಾಸ್ಟೆಲು, ಎಲ್ಲ ಕಡೆಗೂ ನನ್ನ ಜೊತೆ ಬಂತು. ಅಪ್ಪ ತೀರಿಕೊಂಡ ಮೇಲೆ, ಅವರ ಟ್ರಂಕಿನಲ್ಲಿ ಸಿಕ್ಕಿತು ಎಂದು ನಾನೇ ಅವ್ವನಿಗೆ ತೋರಿಸಿದೆ. ಸತ್ತವರ ಟ್ರಂಕು ಎಂಥ ಅನುಕೂಲ ನೋಡಿ.

ಮಗಳು ತಲೆಯೆತ್ತಿದಳು. ಹುಟ್ಟಿದ ಮೇಲೆ ನನ್ನ ಹತ್ತಿರ ಇಂಗ್ಲಿಷಿನಲ್ಲಲ್ಲದೆ ಮಾತಾಡದವಳು ಆವತ್ತು ನಿಧಾನವಾಗಿ, ಪದ ಹುಡುಕಿ ಹುಡುಕಿ, ಕನ್ನಡದಲ್ಲಿ ಕೇಳಿದಳು. ಅಜ್ಜಿಗೂ ಗೊತ್ತಾಗಲಿ ಎಂದೋ, ಮಧ್ಯೆ ನಾನು ತಿರುಚುವುದು ಬೇಡ ಎಂದೋ, ನನಗೆ ತಿಳಿಯದು.

"ಅಮ್ಮಾ, ತಾತ ಯಾಕೆ ಅವರಿಗೆ ವಾಪಸ್ ಕೊಡ್ಲಿಲ್ಲ?"

ಅವರಿಗೆ ಎಂದಳು. ನಮ್ಮ ಮನೆಯಲ್ಲಿ ಆ ಹೆಂಗಸಿಗೆ ಬಹುವಚನ ಹಚ್ಚಿದ್ದು ಅದೇ ಮೊದಲು. ನಾನು ಬರೆದ ನಾಲ್ಕು ಸಾಲಿನಲ್ಲೂ ಇಲ್ಲದ ಮರ್ಯಾದೆ ಅದು.

ಏನೋ ಒಂದು ಹೇಳಿಬಿಡಬಹುದಿತ್ತು. ತಾತನದು ಕೋಪದ ಸ್ವಭಾವ ಎನ್ನಬಹುದಿತ್ತು. ಅವ್ವ ಹೌದೆನ್ನುತ್ತಿದ್ದಳು. ಬಾಯಿ ತೆಗೆದಾಗಲೂ ಯಾವುದು ಹೊರಗೆ ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

"ತಾತ ಕೊಡು ಅಂದಿದ್ರು. ಬಚ್ಚಿಟ್ಟಿದ್ದು ನಾನು."

ಅಡುಗೆಮನೆಯಲ್ಲಿ ನಲ್ಲಿ ನಿಂತಿತು. ಅವ್ವ ಒದ್ದೆ ಕೈಯಲ್ಲೇ ಬಂದು ನನ್ನೆದುರಿನ ಕುರ್ಚಿಯಲ್ಲಿ ಕೂತಳು. ನನ್ನನ್ನು ಬೈಯಲಿಲ್ಲ. ಮಗಳ ಕೈಯಿಂದ ಆ ಉಕ್ಕನ್ನು ಈಸಿಕೊಂಡು ಸೆರಗಿನಲ್ಲಿ ಒರೆಸಿ ಒರೆಸಿ ಮೇಜಿನ ಮೇಲಿಟ್ಟಳು.

"ನಂಗೊತ್ತಿಲ್ಲ ಕಣೆ, ನಾ ತಗೊಂಡಿಲ್ಲ ಅಂತ ನಿಮ್ಮಪ್ಪ ಸಾಯೋಗಂಟ ಅಂದ್ರು" ಎಂದಳು. "ನಾನು ಒಂದ್ ದಿನಾನೂ ನಂಬ್ಲಿಲ್ಲ."